ರೇವವ್ವನ ಕಣ್ಣಿಗೆ ವಾರಸುದಾರಳು

ಗುಡಗೇರಿಯ ಸ್ಟೇಷನ್ ಓಣಿಯಲ್ಲಿ ರೇವವ್ವನ ಎಡಗಣ್ಣಿಗೆ ಬೀಳದೆ ಒಂದು ಬೀಜವೂ ಮಣ್ಣಿಗೆ ಬೀಳುತ್ತಿರಲಿಲ್ಲ. ಹಾಗೆಂದು ರೇವವ್ವನೇ ಹೇಳುತ್ತಿದ್ದಳು. ಅಲ್ಲವೆನ್ನುವ ಉಸಾಬರಿಗೆ ಓಣಿಯವರು ಹೋಗಿರಲಿಲ್ಲ.

ಆ ಎಡಗಣ್ಣು ಹುಟ್ಟಿದಾಗಿನಿಂದ ಮೂಗಿನ ಕಡೆಗೆ ತಿರುಗಿಕೊಂಡಿತ್ತು. ಬೇರೆಯವರಿಗಾದರೆ ಮೆಳ್ಳಗಣ್ಣು ಎಂದು ಸುಮ್ಮನಾಗುತ್ತಿದ್ದರು. ರೇವವ್ವನದು ಮಾತ್ರ ಅದೃಷ್ಟದ ಕಣ್ಣು. ಅವಳು ಸೊಸೆಯಾಗಿ ಈ ಮನೆಗೆ ಕಾಲಿಟ್ಟ ವರ್ಷ ಬತ್ತಿದ್ದ ಬಾವಿಗೆ ನೀರು ಬಂತು. ಮರುವರ್ಷ ಎಮ್ಮೆ ಅವಳಿ ಕರು ಹಾಕಿತು. ಇಷ್ಟಾದ ಮೇಲೆ ನಂಬದಿರಲು ಯಾರಿಗೂ ಕಾರಣ ಸಿಗಲಿಲ್ಲ.

ಬಿತ್ತನೆಯ ಬೀಜ, ಹೊಸದಾಗಿ ಕೊಂಡ ಎತ್ತು, ಮಗನಿಗೆ ಗೊತ್ತು ಮಾಡಬೇಕೆಂದಿರುವ ಹೆಣ್ಣು, ಯಾವುದೇ ಇರಲಿ, ರೇವವ್ವ ನೋಡುವ ಕ್ರಮ ಒಂದೇ. ನೆಟ್ಟಗಿದ್ದ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಅದೃಷ್ಟದ ಎಡಗಣ್ಣು ಒಂದರಿಂದಲೇ ನೋಡುವಳು. ಒಂದು ಎಲೆ ಜಗಿದು ಮುಗಿಯುವಷ್ಟು ಹೊತ್ತು ನೋಡುವಳು. ಆಮೇಲೆ, "ಛಲೋ ಐತಿ" ಎನ್ನುವಳು. ಐವತ್ತು ವರ್ಷದಲ್ಲಿ ಆ ಬಾಯಿಂದ ಬೇರೆ ತೀರ್ಪು ಬಂದಿರಲಿಲ್ಲ. ಬೆಳೆ ಬಂದರೆ ಕಣ್ಣಿನ ಪುಣ್ಯ, ಬರದಿದ್ದರೆ ಮಳೆಯ ತಪ್ಪು.

ರೇವವ್ವ ಕೂರುವ ಕಟ್ಟೆಯ ಮಗ್ಗುಲಲ್ಲೇ ಮಗ ಹೇಮಂತನ ಬೀಜ-ಗೊಬ್ಬರದ ಅಂಗಡಿ. ಜನ ಮಗನ ಹತ್ತಿರ ಬೀಜ ಕೊಂಡು, ನಾಲ್ಕು ಹೆಜ್ಜೆ ನಡೆದು, ತಾಯಿಗೆ ತೋರಿಸುತ್ತಿದ್ದರು. ಇಂಥ ಅನುಕೂಲ ಹುಬ್ಬಳ್ಳಿಯ ದೊಡ್ಡ ಅಂಗಡಿಗಳಲ್ಲೂ ಇರಲಿಲ್ಲ.

ಸೊಸೆ ಅಮೃತಾ ಬಿ.ಎಸ್ಸಿ. ಓದಿದವಳು, ಕುಂದಗೋಳದ ಹೈಸ್ಕೂಲೊಂದರಲ್ಲಿ ಎರಡು ವರ್ಷ ವಿಜ್ಞಾನ ಕಲಿಸಿದವಳು. ಅಕ್ಕಿಯಲ್ಲಿ ಹರಳು ಆರಿಸುವಂತೆ ಮಾತು ಆರಿಸಿ ಆಡುವುದು ಅವಳ ಸ್ವಭಾವ. ಆರಿಸದೆ ಆಡಿದ್ದು ಒಮ್ಮೆ ಮಾತ್ರ. ನಾಲ್ಕು ವರ್ಷದ ಹಿಂದೆ ಅಣ್ಣಿಗೇರಿಯ ತವರಿಗೆ ಹೆಣ್ಣು ನೋಡಲು ಬಂದ ರೇವವ್ವ ಬಲಗಣ್ಣು ಮುಚ್ಚಿ ಇವಳನ್ನು ದಿಟ್ಟಿಸಿದಾಗ, ಪಡಸಾಲೆಯೆಲ್ಲ ಉಸಿರು ಬಿಗಿಹಿಡಿದಿತ್ತು. ಆ ಎಡಗಣ್ಣಿನ ಮೂಲೆಯಲ್ಲಿ ನೀರು ಜಿನುಗುವುದನ್ನು ಕಂಡ ಅಮೃತಾ ಗಾಬರಿಯಾಗಿ, "ಕಣ್ಣಿಗೆ ಏನಾಗೇತ್ರಿ? ಕಸ ಬಿದ್ದಿದ್ರ ಊದಲೇನ್ರಿ?" ಎಂದುಬಿಟ್ಟಿದ್ದಳು. ಅವಳವ್ವ ಸೆರಗಿನ ಮರೆಯಲ್ಲಿ ಚಿವುಟಿದಳು. ರೇವವ್ವ ಮಾತ್ರ, "ಛಲೋ ಐತಿ" ಎಂದಳು. ಹಾಗೆಂದದ್ದು ತನಗೋ, ಕಣ್ಣಿನ ಆರೋಗ್ಯಕ್ಕೋ ಎಂಬುದು ಅಮೃತಾಳಿಗೆ ಇವತ್ತಿಗೂ ತಿಳಿದಿರಲಿಲ್ಲ.

ಆ ಅಮೃತಾಳ ಮಗಳು ನಂದಾಗೆ ನಾಲ್ಕು ತಿಂಗಳು ಹನ್ನೊಂದು ದಿನವಾದ ಬೆಳಿಗ್ಗೆ ಈ ಕಥೆ ಶುರುವಾಯಿತು. ಕೂಸಿಗೆ ಎರೆದು, ಮೈ ಒರೆಸಿ, ತಲೆಗೆ ಕುಲಾಯಿ ಕಟ್ಟಿ, ಕಣ್ಣಿಗೆ ಕಾಡಿಗೆ ಹಚ್ಚುತ್ತಿದ್ದ ರೇವವ್ವ ಇದ್ದಕ್ಕಿದ್ದಂತೆ ಕೂಗಿದಳು.

"ಹೇಮಂತಾ! ಅಂಗಡಿ ಬಿಟ್ಟು ಬಾರೋ! ಅಮೃತಾ, ಬಾ ಬೇ! ಕೂಸಿನ ಕಣ್ಣು ನೋಡ್ರಿ!"

ಇಬ್ಬರೂ ಓಡಿಬಂದರು. ಕೂಸು ಅಜ್ಜಿಯ ಮೂಗುತಿಯನ್ನು ನೋಡುತ್ತಿತ್ತು. ಅದರ ಎಡಗಣ್ಣಿನ ಕರಿಗುಡ್ಡೆ ಮೂಗಿನ ಮೂಲೆಗೆ ಸರಿದಂತೆ ಕಾಣುತ್ತಿತ್ತು.

"ನನ್ನ ಕಣ್ಣು ನನ್ನ ಸಂಗಾಟನ ಮಣ್ಣಾಗ ಹೊಕ್ಕೈತಿ ಅಂತ ಮಾಡಿದ್ದೆ," ಎಂದಳು ರೇವವ್ವ. "ಇಲ್ಲಿ ನೋಡ್ರಿ, ವಾರಸುದಾರಳು ಹುಟ್ಟ್ಯಾಳ! ಸಕ್ಕರಿ ತಗೊಂಡ ಬಾ ಬೇ, ಓಣಿಗೆಲ್ಲ ಹಂಚೂಣು."

ಅಮೃತಾ ಸಕ್ಕರೆ ತರಲು ಹೋಗಲಿಲ್ಲ. ಅವಳಿಗೆ ಇದು ಹೊಸದಲ್ಲ. ಮೂರು ವಾರದಿಂದ ಅವಳು ಆ ಕಣ್ಣುಗಳ ಕಾವಲು ಕಾಯುತ್ತಿದ್ದಳು. ಫೋನಿನಲ್ಲಿ ಕೂಸಿನ ಫೋಟೋಗಳು ನೂರಾ ನಲವತ್ತು ದಾಟಿದ್ದವು. ಅವನ್ನು ಹಿಗ್ಗಿಸಿ ನೋಡಿದಷ್ಟೂ ಗೊಂದಲ: ಕೂಸು ಬಲಕ್ಕೆ ನೋಡಿದಾಗ ಎಡಗಣ್ಣು ಮೂಗಿನ ಮರೆಗೆ ಹೋದಂತೆ, ಎಡಕ್ಕೆ ನೋಡಿದಾಗ ಬಲಗಣ್ಣು ಹೋದಂತೆ. ಒಂದು ಕೂಸಿಗೆ ಎರಡು ಮೆಳ್ಳಗಣ್ಣೇ ಎಂದು ಅವಳ ಹೆದರಿಕೆಯೂ ಎರಡು ಪಟ್ಟಾಗಿತ್ತು. ಲಸಿಕೆ ಹಾಕುವ ನರ್ಸಬಾಯಿ ಹೇಳಿದ್ದು ನೆನಪಿತ್ತು: ಮೂರು-ನಾಲ್ಕು ತಿಂಗಳವರೆಗೆ ಕೂಸಿನ ಕಣ್ಣು ಒಮ್ಮೊಮ್ಮೆ ಜಾರುವುದುಂಟು, ನಾಲ್ಕು ತಿಂಗಳ ಮೇಲೂ ಜಾರಿದರೆ ಕಣ್ಣಿನ ಡಾಕ್ಟರಿಗೆ ತೋರಿಸಬೇಕು, ತಡಮಾಡಿದರೆ ಆ ಕಣ್ಣಿನ ದೃಷ್ಟಿಯೇ ಹೋಗಬಹುದು. ನಾಲ್ಕು ತಿಂಗಳು ಮುಗಿದು ಹನ್ನೊಂದು ದಿನವಾಗಿತ್ತು. ಹನ್ನೊಂದೂ ದಿನಗಳನ್ನು ಅವಳು ಬೆರಳಲ್ಲಿ ಎಣಿಸಿದ್ದಳು.

"ಅತ್ಯಾರ, ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡ ಬರೂಣ್ರಿ."

"ಡಾಕ್ಟರಿಗ್ಯಾಕ? ಬೇಕಾದ್ರ ಡಾಕ್ಟರನ ಬಂದು ತನ್ನ ಔಷಧಿ ಬಾಟ್ಲಿ ನನಗ ತೋರಿಸಲಿ. ಛಲೋ ಐತಿ ಅಂತೇನಿ."

ಅಮೃತಾ ಗಂಡನ ಮುಖ ನೋಡಿದಳು. ಹೇಮಂತ ಅವಳನ್ನು ಅಡುಗೆಮನೆಗೆ ಕರೆದು ಪಿಸುದನಿಯಲ್ಲಿ, "ಬಿತ್ತಗಿ ಹಂಗಾಮ ಐತಿ. ಇಂಥಾದ್ರಾಗ ರೇವವ್ವನಂಥಾ ಕಣ್ಣಿಗೆ ಔಷಧಿ ಕೊಡಸಾಕ ಹೊಂಟಾರಂತ ಅಂತ ಸುದ್ದಿ ಆದ್ರ, ಅವ್ವನ ಕಟ್ಟಿಗೆ ಯಾರ ಬರ್ತಾರ, ಅಂಗಡಿಗೆ ಯಾರ ಬರ್ತಾರ? ಹದಿನೈದ ದಿನ ತಡಿ," ಎಂದ.

"ಕಣ್ಣು ತಡೀಬೇಕಲ್ಲರೀ," ಎಂದಳು ಅಮೃತಾ.

ಮಧ್ಯಾಹ್ನದವರೆಗೆ ಸಕ್ಕರೆ ತಿನ್ನಲು ಓಣಿಯೇ ಬಂತು. ಹಾಲಿನ ಸಾವಕ್ಕ ನೋಡಿ ಎಡಗಣ್ಣು ಎಂದಳು. ಅವಳ ಹಿಂದೆ ಬಂದವರು ಬಲಗಣ್ಣು ಎಂದರು. ಮಾತಿಗೆ ಮಾತು ಬೆಳೆದು, ಕೊನೆಗೆ ರೇವವ್ವನೇ, "ಒಂದಲ್ಲಾ, ನನ್ನ ಮೊಮ್ಮಗಳಿಗೆ ಎರಡೂ ಅದೃಷ್ಟದ ಕಣ್ಣ," ಎಂದು ಸಮಾಧಾನ ಮಾಡಿ ಕಳಿಸಿದಳು. ಅಮೃತಾ ತೊಟ್ಟಿಲ ಹಗ್ಗ ಹಿಡಿದುಕೊಂಡೇ ಇದ್ದಳು.

ಹಿಂದಿನ ಓಣಿಯ ಮುದಕಪ್ಪನೂ ಬಂದ. ಕೂಸನ್ನು ನೋಡಿ ಅವನ ಮುಖ ಸಣ್ಣದಾಯಿತು. "ರೇವಕ್ಕಾ, ನಮ್ಮ ಮಗಳ ಮಗಾಗೂ ಒಂದ ಕಣ್ಣು ಹಿಂಗ ಐತಿ. ಹುಟ್ಟಿ ಆರ ತಿಂಗಳಾತು. ಯಾವಾಗ ನೋಡಿದ್ರೂ ಒಳಗ ತಿರುಗಿರತೈತಿ. ಅವನೂ ನಿನ್ನಂಗ ಆಗತಾನೇನ?"

ಪೈಪೋಟಿ ರೇವವ್ವನಿಗೆ ಸೇರಲಿಲ್ಲ. "ಅದು ನಿದ್ದಿಗಣ್ಣೋ ಮುದಕಪ್ಪಾ. ಎಲ್ಲಾರಿಗೂ ಅದೃಷ್ಟ ಬಂದ್ರ ಮಳಿಗೆ ಏನ ಕೆಲಸ? ಸಕ್ಕರಿ ತಿಂದ ಹೋಗು."

ಅಂದು ಹಿತ್ತಿಲಲ್ಲಿ ದನದ ಕೊಟ್ಟಿಗೆಯ ಗೋಡೆ ಏರುತ್ತಿತ್ತು. ಕಟ್ಟುತ್ತಿದ್ದವನು ಅಬ್ದುಲ್‌ಸಾಬ. ಅರ್ಧ ಬೆರಳು ವಾರೆಯಾದ ಗೋಡೆಯನ್ನು ರಸ್ತೆಯ ಆಚೆಯಿಂದಲೇ ಹಿಡಿಯುವ ಗೌಂಡಿ ಎಂದು ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರು. ಬೇರೆಯವರು ಕಟ್ಟಿದ ಮನೆಯಲ್ಲಿ ಅವನನ್ನು ಊಟಕ್ಕೆ ಕರೆಯುತ್ತಿರಲಿಲ್ಲ. ತಾಟಿನ ಮುಂದೆ ಕೂತು ಗೋಡೆಗೆ ಹೆಸರಿಡುತ್ತಿದ್ದ.

ಅಮೃತಾ ಅವನಿಗೆ ಚಹಾ ಕೊಡಲು ಹೋದಳು. ಕಂಕುಳಲ್ಲಿ ಕೂಸಿತ್ತು. ಬೆಳಿಗ್ಗೆಯಿಂದ ಆರಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಒಮ್ಮೆಲೇ ಕೈಕೊಟ್ಟವು.

"ಕಾಕಾ, ನಿಮಗ ವಾರಿ ಅಂದ್ರ ಲಗೂನ ಗೊತ್ತಾಗತೈತೆಲ್ರಿ. ಈ ಕೂಸಿನ ಕಣ್ಣು ಸ್ವಲ್ಪ ನೋಡ್ರಿ."

ಅಬ್ದುಲ್‌ಸಾಬ ಚಹಾದ ಬಸಿ ಕೆಳಗಿಟ್ಟ. ಹತ್ತಿರದಿಂದ ನೋಡಿದ, ದೂರ ಸರಿದು ನೋಡಿದ, ಒಂದು ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ರೂಢಿಯಂತೆ ಚೀಲಕ್ಕೆ ಕೈಹಾಕಿ, ಗೋಡೆ ನೇರ ನೋಡುವ ದಾರದ ಹಿತ್ತಾಳೆ ಗುಂಡನ್ನು ತೆಗೆದು ಕೂಸಿನ ಮುಂದೆ ಒಂದು ಮೊಳ ದೂರದಲ್ಲಿ ಇಳಿಬಿಟ್ಟ. ಗುಂಡು ಬಿಸಿಲಿಗೆ ಹೊಳೆಯಿತು. ಕೂಸು ಕಾಲು ಬಡಿಯಿತು. ಗುಂಡು ಎಡಕ್ಕೆ ತೂಗಿದರೆ ಎರಡೂ ಕಣ್ಣು ಎಡಕ್ಕೆ ಹೋದವು. ಬಲಕ್ಕೆ ತೂಗಿದರೆ ಎರಡೂ ಬಲಕ್ಕೆ ಬಂದವು.

"ಅರೇ ಬೇಟಿ," ಎಂದ ಅಬ್ದುಲ್‌ಸಾಬ, "ಕಿಡಕಿ ಎರಡೂ ಅಗದಿ ಸೀದಾ ಅದಾವು. ಎರಡರ ನಡುವಿನ ಗ್ವಾಡಿ ಅಗಲ ಆಗೇತಿ, ಅಷ್ಟ. ಮೂಗು ಇನ್ನೂ ಎದ್ದಿಲ್ಲಲ್ಲ! ಅದಕ್ಕ ಕಿಡಕಿ ಮೂಲಿಗೆ ಸರದಂಗ ಕಾಣತಾವು."

ಅಮೃತಾಳಿಗೆ ಅಳು ಬಂದಂತಾಯಿತು, ನಗುವೂ ಬಂತು. ಅಬ್ದುಲ್‌ಸಾಬ ದಾರ ಸುತ್ತುತ್ತ, "ಆದ್ರ ನಾ ಇಟ್ಟಂಗಿ ನೋಡಾಂವ. ನಾ ತಪ್ಪಿದ್ರ ಗ್ವಾಡಿ ಕೆಡವಿ ಮತ್ತ ಕಟ್ಟಬಹುದು, ಕಣ್ಣು ಕಟ್ಟಾಕ ಬರೂದಿಲ್ಲ. ಡಾಕ್ಟರಿಗೆ ತೋರಸು," ಎಂದ.

"ಯಾರೋ ಅಂದಾಂವ ನನ್ನ ಮೊಮ್ಮಗಳ ಕಣ್ಣು ಸೀದಾ ಅಂತ?"

ಹಿತ್ತಿಲ ಬಾಗಿಲಲ್ಲಿ ರೇವವ್ವ ನಿಂತಿದ್ದಳು. ಕೈಯಲ್ಲಿ ಸಕ್ಕರೆ ಡಬ್ಬಿ.

"ನಾನ ಅಂದೆ ಅಕ್ಕಾ. ಗುಂಡು ಸುಳ್ಳ ಹೇಳಂಗಿಲ್ಲ."

"ನಿನ್ನ ಗುಂಡು ನಿನ್ನ ಗ್ವಾಡಿಗೆ ಇಟ್ಕೋ! ಹೋದ ವರ್ಷ ಕಟ್ಟಿದ ಬಚ್ಚಲದ ನೀರು ಅಡಿಗಿಮನಿಗೆ ಬರತೈತಿ, ನನ್ನ ಮನಿತನದ ಕಣ್ಣಿಗೆ ಹೆಸರಿಡ್ತಿಯೇನ?"

"ಬಚ್ಚಲ ಬ್ಯಾರೆ, ಕಣ್ಣ ಬ್ಯಾರೆ ಅಕ್ಕಾ!"

ಅಮೃತಾ ಆಗ ಒಂದೇ ಮಾತು ಆಡಿದಳು. ಅದನ್ನು ತುಂಬಾ ಎಚ್ಚರದಿಂದ ಆರಿಸಿದ್ದಳು. "ಅತ್ಯಾರ, ಕಾಕಾ ಹೋಗಿ ಹತ್ತ ಮಂದಿಗೆ ಹೇಳಿದ್ರ ಜನ ನಂಬತಾರ್ರಿ. ಡಾಕ್ಟರ ಕಡಿಯಿಂದನ ಬರಿಸಿಕೊಂಡ ಬಂದ್ರ ಯಾರೂ ಬಾಯಿ ತಗಿಯಂಗಿಲ್ಲ."

ರೇವವ್ವ ಗೌಂಡಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು. "ನಾಳೆ ಮುಂಜಾನಿ ಗಾಡಿಗೆ ಹೋಗೂಣು. ಮೆಳ್ಳಗಣ್ಣು ಐತಿ ಅಂತ ಕಾಗದದ ಮ್ಯಾಲ ಬರಿಸಿಕೊಂಡ ಬರತೇನಿ. ಕಟ್ಟು ಹಾಕಿಸಿ ಗ್ವಾಡಿಗೆ ತೂಗ ಹಾಕತೇನಿ. ಈ ಗ್ವಾಡಿಗೇ!"

ಹೀಗೆ, ಮೊಮ್ಮಗಳ ಕಣ್ಣು ವಾರೆಯಾಗಿದೆ ಎಂದು ಬರೆಸಿಕೊಳ್ಳಲು ಅಜ್ಜಿ, ಇಲ್ಲ ಎಂದು ಕೇಳಿಸಿಕೊಳ್ಳಲು ತಾಯಿ, ಒಂದೇ ಪ್ಯಾಸೆಂಜರ್ ರೈಲು ಹತ್ತಿ ಹುಬ್ಬಳ್ಳಿಗೆ ಹೋದರು. ರೈಲಿನಲ್ಲಿ ರೇವವ್ವ ಕೂಸಿಗೆ ಎರಡು ಸಲ ಕಾಡಿಗೆ ತೀಡಿದಳು. ಸಂಶಿ ದಾಟುವಷ್ಟರಲ್ಲಿ ಅಮೃತಾ ಎರಡು ಸಲವೂ ಒರೆಸಿದ್ದಳು.

ಕಣ್ಣಿನ ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡುವ ಡಾಕ್ಟರು ಸುಧಾರಾಣಿ ಎಂಬ ಕಿರಿಯ ವಯಸ್ಸಿನವರು. ಅಮೃತಾ ಬಾಯಿ ತೆರೆಯುವ ಮೊದಲೇ ರೇವವ್ವ, "ಕೂಸಿಗೆ ಮೆಳ್ಳಗಣ್ಣು ಐತಿ. ಬರದ ಕೊಡ್ರಿ, ಗಾಡಿಗೆ ಹೊತ್ತಾಗತೈತಿ," ಎಂದಳು.

ಡಾಕ್ಟರು ನಕ್ಕು ಸಣ್ಣ ಬ್ಯಾಟರಿ ಹಚ್ಚಿದರು. ಕೂಸು ಅದನ್ನೇ ನೋಡಿತು. ಡಾಕ್ಟರು ಒಂದು ಕಣ್ಣಿಗೆ ಕೈ ಅಡ್ಡ ಹಿಡಿದು ತೆಗೆದರು, ಇನ್ನೊಂದಕ್ಕೂ ಹಾಗೆಯೇ ಮಾಡಿದರು. ಗೊಂಬೆಯೊಂದನ್ನು ಅತ್ತಿತ್ತ ಆಡಿಸಿದರು. ಕಣ್ಣಿಗೆ ಹನಿ ಹಾಕಿ, ಹೊತ್ತು ಕಳೆದ ಮೇಲೆ ಒಳಗನ್ನೂ ನೋಡಿದರು. ಅಷ್ಟೂ ಹೊತ್ತು ಅಮೃತಾ ಕೂಸಿನ ಕಣ್ಣು ನೋಡಲಿಲ್ಲ. ಡಾಕ್ಟರ ಮುಖ ನೋಡುತ್ತಿದ್ದಳು.

"ಇಲ್ಲಿ ಬರ್ರಿ ಇಬ್ಬರೂ," ಎಂದರು ಡಾಕ್ಟರು, ಬ್ಯಾಟರಿಯನ್ನು ಮತ್ತೆ ಹಚ್ಚಿ. "ಬೆಳಕಿನ ಚುಕ್ಕಿ ನೋಡ್ರಿ. ಎರಡೂ ಕಣ್ಣಾಗ ಒಂದ ಜಾಗಾದಾಗ ಕುಂತಾವಲ್ಲ? ಕಣ್ಣು ಸೀದಾ ಅದಾವು." ಕೂಸಿನ ಮೂಗಿನ ದಿಂಡಿನ ಮೇಲಿನ ತೊಗಲನ್ನು ಎರಡು ಬೆರಳಲ್ಲಿ ಮೆತ್ತಗೆ ಹಿಡಿದರು. ಕಣ್ಣಿನ ಒಳಮೂಲೆಯ ಬಿಳುಪು ಹೊರಬಿತ್ತು. ಮೆಳ್ಳಗಣ್ಣು ಮಾಯವಾಯಿತು. ಕೈ ಬಿಟ್ಟರು, ಮತ್ತೆ ಬಂತು. "ಮೂಗಿನ ದಿಂಡು ಇನ್ನೂ ಅಗಲ, ಚಪ್ಪಟ. ಬಾಜೂಕಿನ ತೊಗಲಿನ ಮಡಿಕಿ ಬಿಳಿ ಭಾಗ ಮುಚ್ಚತೈತಿ. ಅದಕ್ಕ ತಿರುಗಿದಂಗ ಕಾಣತೈತಿ. ಮೂಗು ಬೆಳದಂಗ ಸರಿ ಆಗತೈತ್ರಿ."

ಅಮೃತಾ ಕೂಸನ್ನು ಎದೆಗೆ ಒತ್ತಿಕೊಂಡಳು. ರೇವವ್ವನ ಮುಖ ಬಾಡಿತು.

"ಸರಿಯಾಗಿ ನೋಡವ್ವಾ. ಸಣ್ಣದರ ಇರಬೇಕು?"

"ಇಲ್ಲ ಅಜ್ಜಿ."

"ಎಳ್ಳಿನಷ್ಟೂ?"

"ಎಳ್ಳಿನಷ್ಟೂ ಇಲ್ಲ."

ಕಣ್ಣಿನ ಆಸ್ಪತ್ರೆಯಲ್ಲಿ ಏನೂ ಇಲ್ಲವೆಂದದ್ದಕ್ಕೆ ಚೌಕಾಸಿಗೆ ಇಳಿದವರಲ್ಲಿ ಅವಳೇ ಮೊದಲಿಗಳಿರಬೇಕು. ಡಾಕ್ಟರು ಅವಳನ್ನೇ ದಿಟ್ಟಿಸಿ, "ನಿಮ್ಮ ಕಣ್ಣು ಯಾವಾಗಿಂದ ಹಿಂಗ ಐತಿ ಅಜ್ಜಿ? ಕುಂದರ್ರಿ, ನೋಡೂಣು. ಬಲಗಣ್ಣು ಮುಚ್ಚಿಕೊಳ್ರಿ," ಎಂದು ಮೂರು ಬೆರಳು ಎತ್ತಿ ಹಿಡಿದರು. "ಬೆರಳು ಎಷ್ಟ ಅದಾವು?"

ಬಲಗಣ್ಣು ಮುಚ್ಚುವುದನ್ನು ರೇವವ್ವನಿಗೆ ಯಾರೂ ಕಲಿಸಬೇಕಿರಲಿಲ್ಲ. ಅಂಗೈ ತಾನಾಗಿ ಮೇಲೆದ್ದಿತು. ಒಂದು ಎಲೆ ಜಗಿಯುವಷ್ಟು ಹೊತ್ತು ಅವಳು ಡಾಕ್ಟರ ಕೈಯನ್ನು ದಿಟ್ಟಿಸಿದಳು.

"ಛಲೋ ಅದಾವು."

"ಎಷ್ಟ ಅದಾವು ಅಜ್ಜಿ?"

"ಎಷ್ಟ ಅದಾವೋ ಅಷ್ಟೂ ಛಲೋ ಅದಾವು."

ಡಾಕ್ಟರು ನಗಲಿಲ್ಲ. ಬೆರಳನ್ನು ಹತ್ತಿರ ತಂದರು, ಇನ್ನೂ ಹತ್ತಿರ ತಂದರು, ಕೈಯನ್ನೇ ಆಡಿಸಿದರು. ಅಂಗೈಯ ಹಿಂದಿನಿಂದ ರೇವವ್ವ ಮೆಲ್ಲಗೆ, "ಏನೋ ಅಳ್ಳಾಡತೈತಿ," ಎಂದಳು.

ಅಮೃತಾಳ ಕಣ್ಣ ಮುಂದೆ ಐವತ್ತು ವರ್ಷದ ಬೀಜ, ಎತ್ತು, ಮದುವಣಗಿತ್ತಿಯರು ಸಾಲಾಗಿ ಹಾದುಹೋದರು. ಸಾಲಿನ ಕೊನೆಯಲ್ಲಿ ಹಸಿರು ಸೀರೆಯುಟ್ಟು ತಾನೂ ಇದ್ದಳು. ನಗು ಉಕ್ಕಿ ಬಂತು. ಅತ್ತೆಯ ಮುಖ ನೋಡಿ ಅದು ಗಂಟಲಲ್ಲೇ ಉಳಿಯಿತು.

"ಒಂದ ಕಣ್ಣು ತಿರುಗಿದ್ರ ಮಿದುಳು ಆ ಕಣ್ಣಿನ ಮಾತು ಕೇಳೂದ ಬಿಡತೈತ್ರಿ," ಎಂದರು ಡಾಕ್ಟರು. "ಸಣ್ಣಾವರಿದ್ದಾಗ ಬಂದ್ರ ಕನ್ನಡಕ, ಛಲೋ ಕಣ್ಣಿಗೆ ಪಟ್ಟಿ, ಬೇಕಾದ್ರ ಆಪರೇಶನ್, ಏನರ ಮಾಡಿ ಬಹಳ ಕೂಸುಗಳ ದೃಷ್ಟಿ ಉಳಿಸಬಹುದು. ಈಗ ನಿಮಗ..." ಎಂದು ಅಡ್ಡಡ್ಡ ತಲೆಯಾಡಿಸಿದರು.

"ನನಗ ಬಿಡವ್ವಾ," ಎಂದಳು ರೇವವ್ವ.

ಡಾಕ್ಟರು ಅಮೃತಾಳ ಕಡೆ ತಿರುಗಿದರು. "ನೀವು ಬಂದದ್ದು ಛಲೋ ಆತು. ಖರೇ ಮೆಳ್ಳಗಣ್ಣೋ, ಬರೇ ಕಾಣೂದೋ ಅಂತ ಮನ್ಯಾಗ ಕುಂತು ಹೇಳಾಕ ಬರಂಗಿಲ್ಲ. ಮುಂದೂ ನೋಡಕೋತ ಇರ್ರಿ. ಒಂದ ಕಣ್ಣು ತಿರುಗಾಕ ಹತ್ತಿದ್ರ, ತಲಿ ಯಾವಾಗಲೂ ಒಂದ ಕಡಿ ವಾಲಿಸಿ ನೋಡಿದ್ರ ತಡಾ ಮಾಡದ ಬರ್ರಿ. ಫೋಟೋದಾಗ ಕಣ್ಣಗೊಂಬಿ ಬೆಳ್ಳಗ ಹೊಳದ್ರ ಮಾತ್ರ ಒಂದ ದಿನಾನೂ ನಿಲ್ಲಬ್ಯಾಡ್ರಿ. ಮತ್ತ ಕಣ್ಣೊಳಗ ಕಾಡಿಗಿ ಬ್ಯಾಡ."

ಕಾಡಿಗೆ ಡಬ್ಬಿಯನ್ನು ರೇವವ್ವ ಸೊಸೆಯ ಚೀಲಕ್ಕೆ ಹಾಕಿದಳು.

ಮಧ್ಯಾಹ್ನದ ರೈಲಿನಲ್ಲಿ ಕೂಸು ಮಲಗಿತ್ತು. ಕಿಟಕಿಯಾಚೆ ಕರಿಹೊಲಗಳು ಬಿತ್ತನೆಗೆ ಹದವಾಗಿ ನಿಂತಿದ್ದವು.

"ಅತ್ಯಾರ, ಒಂದ ಕೇಳಲೇನ್ರಿ?"

"ಕೇಳ ಬೇ. ಮಾತು ಆರಿಸಿಕೋತ ಕುಂದರಬ್ಯಾಡ, ಊರು ಬರತೈತಿ."

"ಅಣ್ಣಿಗೇರ್ಯಾಗ ನನ್ನ ನೋಡಿದಾಗ ಏನ್ ಕಂಡಿತ್ರಿ?"

"ಏನ ಕಾಣತೈತಿ? ಹಸರ ಬಣ್ಣದ ಮಂಜು."

"ಮತ್ತ ಛಲೋ ಐತಿ ಅಂದ್ರೆಲ್ರಿ?"

ರೇವವ್ವ ಕೂಸಿನ ಕುಲಾಯಿಯ ದಾರ ಸರಿಮಾಡಿದಳು. "ಐವತ್ತ ವರ್ಷ ಎಲ್ಲಾರೂ ಈ ಕಣ್ಣಿಗೆ ತಮ್ಮದ ತೋರಿಸ್ಯಾರ. ಈ ಕಣ್ಣಿಗೆ ಏನಾಗೇತಿ ಅಂತ ಕೇಳಿದಾಕಿ ನೀ ಒಬ್ಬಾಕಿನ. ಈ ಹುಡುಗಿನ್ನ ಬಿಡಬಾರದು ಅನಿಸ್ತು."

ಅಮೃತಾ ಅತ್ತೆಯ ಮಗ್ಗುಲಿಗೆ ಸರಿದು ಕೂತಳು.

"ಸಣ್ಣಾಕಿದ್ದಾಗ ಮೆಳ್ಳಿ, ಮೆಳ್ಳಿ ಅಂತ ಹುಡುಗ್ರು ಜೀವಾ ತಿಂತಿದ್ರು. ಅದೃಷ್ಟದ ಕಣ್ಣಂತ ಹೇಳು, ಬಾಯಿ ಮುಚ್ಚತಾರ ಅಂದ್ಲು ನಮ್ಮವ್ವ. ಹೇಳಿದೆ. ಮುಚ್ಚಿದ್ರು. ನಿನ್ನೆ ಕೂಸಿನ ಕಣ್ಣು ಹಂಗ ಕಂಡಾಗ ನನ್ನ ಎದಿ ಝಲ್ ಅಂತು ಬೇ. ಇದಕ್ಕೂ ಯಾರೂ ಮೆಳ್ಳಿ ಅನಬಾರದು ಅಂತ, ಅವರು ಬಾಯಿ ತಗಿಯೂದ್ರಾಗ ನಾನ ಸಕ್ಕರಿ ಹಾಕಿಬಿಟ್ಟೆ." ಆಮೇಲೆ ಗೊಣಗಿದಳು: "ಆ ಮುದಕಪ್ಪನ ಬಾಯಾಗೂ ಹಾಕಿದೆ. ಆರ ತಿಂಗಳು ಅಂದನಲ್ಲ?"

"ಹೌದ್ರಿ. ಯಾವಾಗಲೂ ತಿರುಗಿರತೈತಿ ಅಂದ್ರು."



ಮರುದಿನ ಬೆಳಿಗ್ಗೆ ಕಟ್ಟೆಯ ಮುಂದೆ ಮೊದಲು ನಿಂತವನು ಮುದಕಪ್ಪನೇ. ಆಗಷ್ಟೇ ಹೇಮಂತನ ಅಂಗಡಿಯಲ್ಲಿ ಕೊಂಡ ಹೆಸರಿನ ಬೀಜ ಬೊಗಸೆಯಲ್ಲಿತ್ತು. ರೇವವ್ವ ಅಂಗೈ ಎತ್ತಿದಳು. ಆದರೆ ಅದು ಬಲಗಣ್ಣಿನ ಮೇಲಲ್ಲ, ಎಡಗಣ್ಣಿನ ಮೇಲೆ ಕೂತಿತು.

"ರೇವಕ್ಕಾ, ಕಣ್ಣು ತಪ್ಪೇತಿ! ಆ ಕಣ್ಣು ಮುಚ್ಚಬೇಕು!"

"ಸುಮ್ನಿರ್ಲೇ," ಎಂದು ರೇವವ್ವ ಬೀಜವನ್ನು ಬೆರಳಲ್ಲಿ ಕೆದಕಿದಳು. ಐವತ್ತು ವರ್ಷದಲ್ಲಿ ಅವಳು ಬೀಜ ನೋಡಿದ್ದು ಅದೇ ಮೊದಲು. "ಇದರಾಗ ಹುಳ ಅದಾವಲ್ಲೋ! ಅರ್ಧಕ್ಕರ್ಧ ತೂತು!"

ಅಂಗಡಿಯೊಳಗಿಂದ, "ಯವ್ವಾ!" ಎಂಬ ದನಿ ಕೇಳಿತು.

"ಏನ ಯವ್ವಾ? ಎಲ್ಲಿಂದ ತಂದಿಯೋ ಈ ಬೀಜ? ಚೀಲ ಎಲ್ಲಾ ಬಿಚ್ಚು, ಎಲ್ಲಾ ನೋಡತೇನಿ ಇವತ್ತ!" ಎಂದು ಕೂಗಿ, ಮುದಕಪ್ಪನ ರಟ್ಟೆ ಹಿಡಿದಳು. "ಮುದಕಪ್ಪಾ, ಮೊನ್ನೆ ನಾ ಅಂದದ್ದು ಸುಳ್ಳು. ಅದು ನಿದ್ದಿಗಣ್ಣೂ ಅಲ್ಲ, ಅದೃಷ್ಟಾನೂ ಅಲ್ಲ. ನನ್ನ ಈ ಕಣ್ಣಿಗೆ ಏನೂ ಕಾಣಂಗಿಲ್ಲ. ನಿನ್ನ ಮೊಮ್ಮಗಗೂ ಹಂಗ ಆಗಬಾರದು. ಮಗಳಿಗೆ ಹೇಳು, ನಾಳಿನ ಗಾಡಿಗೆ ಕೂಸಿನ್ನ ಕರಕೊಂಡ ಬರಲಿ. ಡಾಕ್ಟರಬಾಯಿ ನನಗ ಗುರುತದಾಕಿ."

ಮುದಕಪ್ಪ ಕಕ್ಕಾಬಿಕ್ಕಿಯಾದ. ತನ್ನ ಬೊಗಸೆ ನೋಡಿದ, ಅವಳ ಕಣ್ಣು ನೋಡಿದ. "ಹಂಗಾರ... ಇಷ್ಟ ವರ್ಷ ನಾ ತೋರಿಸಿದ್ದು?"

"ಛಲೋ ಬೆಳದೈತಿಲ್ಲೋ?"

"ಬೆಳದೈತಿ ಖರೆ..."

"ಮತ್ತೇನ? ಮೊದಲ ಕೂಸಿನ ಕೆಲಸ ನೋಡು. ಬೀಜ ಅವನ ಅಂಗಡಿಗೆ ವಾಪಸ್ ಒಗೀ."

ಹಿತ್ತಿಲಿಂದ ಅಬ್ದುಲ್‌ಸಾಬ ದನಿ ಎತ್ತಿ ಕೇಳಿದ: "ಅಕ್ಕಾ, ಡಾಕ್ಟರ ಕಾಗದ ತೂಗಹಾಕಾಕ ಈ ಗ್ವಾಡಿಗೆ ಮೊಳಿ ಹೊಡೀಲೇನು?"

"ಮೊದಲ ಬಚ್ಚಲದ ನೀರು ನಿಲ್ಲಸೋ, ಆಮ್ಯಾಲ ಮೊಳಿ!"

ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ಅಮೃತಾ ಬಾಯಿಗೆ ಸೆರಗು ಒತ್ತಿಕೊಂಡಳು. ಒಳಗೆ ಹೇಮಂತ ಒಂದೊಂದೇ ಚೀಲದ ಹೊಲಿಗೆ ಬಿಚ್ಚುವ ಸದ್ದು ಕೇಳುತ್ತಿತ್ತು. ನಂದಾ ಎರಡೂ ಕಣ್ಣಿಂದ ಅಜ್ಜಿಯನ್ನೇ ನೋಡುತ್ತಿತ್ತು. ಅಮೃತಾ ಫೋನು ತೆಗೆದು, ಅಜ್ಜಿಯೂ ಬರುವಂತೆ ಒಂದು ಫೋಟೋ ಹೊಡೆದಳು. ಈ ಸಲ ಹಿಗ್ಗಿಸಿ ನೋಡಲಿಲ್ಲ. ನಾಲ್ಕು ಹೆಜ್ಜೆ ನಡೆದ ಮೇಲೆ ಮಾತ್ರ ತಡೆಯಲಾಗದೆ ನೋಡಿದಳು.